ಖಾರದ ನೂಡಲ್ಸ್: ಸಂಸಾರವೆಲ್ಲ ಕೂಡಿ ಉಣ್ಣುವ ಬಗೆ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವುದು ನಮ್ಮ ರೈತ ಬಾಂಧವರಿಗೆ ತಿಳಿದ ವಿಷಯವೇ ಆಗಿದೆ. ದೊಡ್ಡ ಬಸವಣ್ಣನ ಗುಡಿಯ ಬೀದಿಯಲ್ಲಿ ಹೊಸ ಫಸಲನ್ನು ರಾಶಿ ಹಾಕಿ ಮಾರಲು ದೂರದ ಹಳ್ಳಿಗಳಿಂದ ಅನೇಕರು ಬರುತ್ತಾರೆ. ಹಾಗೆ ಬಂದ ಒಂದು ಸಂಸಾರವನ್ನು ಊಹಿಸಿಕೊಳ್ಳಿರಿ. ಗಂಡ, ಐದು ತಿಂಗಳ ಗರ್ಭಿಣಿಯಾದ ಹೆಂಡತಿ, ನಾಲ್ಕು ವರ್ಷದ ಮಗಳು. ಸಮೀಪದ ಶಂಕರಪುರಂನಲ್ಲಿ ಶಂಕರಮಠದ ಹಿಂದಿನ ಬೀದಿಯೊಂದರಲ್ಲಿ ಹೆಂಡತಿಯ ತಮ್ಮನು ಕೋಣೆಯನ್ನು ಬಾಡಿಗೆಗೆ ಹಿಡಿದು ಕಾಲೇಜಿನಲ್ಲಿ ಓದುತ್ತಿದ್ದಾನೆ. ಇವರು ಎರಡು ರಾತ್ರಿ ಅಲ್ಲಿಯೇ ತಂಗುತ್ತಾರೆ.

ಮೊದಲ ಸಂಜೆ ಆ ಹುಡುಗನು, "ಭಾವ, ನೀವು ಇದನ್ನು ಒಮ್ಮೆ ತಿಂದು ನೋಡಲೇಬೇಕು" ಎಂದು ಕೊರಿಯಾ ದೇಶದ ಖಾರದ ನೂಡಲ್ಸಿನ ಎರಡು ಪೊಟ್ಟಣಗಳನ್ನು ಬೇಯಿಸಿದನು. ಭಾವನು ಬೆವರು ಒರೆಸಿಕೊಳ್ಳುತ್ತಾ ಮೆಚ್ಚಿ ತಿಂದನು. ಮಗುವು ಒಂದು ತುತ್ತಿಗೇ ಅಳಲಾರಂಭಿಸಿತು. ನೀರು ಕುಡಿಸಿದಷ್ಟೂ ಉರಿ ಹೆಚ್ಚಿತು. ಮಗುವನ್ನು ಸಮಾಧಾನಪಡಿಸಿ, ಎಲ್ಲರಿಗೂ ಬಡಿಸಿ, ಕೊನೆಯಲ್ಲಿ ಊಟಕ್ಕೆ ಕುಳಿತ ತಾಯಿಗೆ ಸಿಕ್ಕಿದ್ದು ಊದಿ ಮೆತ್ತಗಾದ ನಾಲ್ಕು ಎಳೆ ಮತ್ತು ತಳದಲ್ಲಿ ಉಳಿದ ಉಪ್ಪು ಖಾರದ ರಸ ಮಾತ್ರ. ರಾತ್ರಿಯೆಲ್ಲಾ ಆಕೆಗೆ ಎದೆಯುರಿ, ಬಾಯಾರಿಕೆ.

ಎರಡನೆಯ ಸಂಜೆ ಆಕೆಯೇ ಒಲೆಯ ಮುಂದೆ ನಿಂತಳು. ಅದೇ ನೂಡಲ್ಸು, ಅದೇ ಪಾತ್ರೆ. ಆದರೆ ಎಲ್ಲರೂ ಸಂತೋಷದಿಂದ ಉಂಡರು. ಈ ಎರಡು ಸಂಜೆಗಳ ನಡುವಿನ ವ್ಯತ್ಯಾಸವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ನೂಡಲ್ಸ್ ಎಂದರೇನು?

ನಮ್ಮ ಜನರಿಗೆ ಶಾವಿಗೆ ಹೊಸದಲ್ಲ. ಹಳೆಯ ಮೈಸೂರಿನ ಕಡೆ ಅಕ್ಕಿಹಿಟ್ಟನ್ನು ಬೇಯಿಸಿ ಒರಳಿನಲ್ಲಿ ಒತ್ತುವ ಒತ್ತು ಶಾವಿಗೆ, ಉತ್ತರ ಕರ್ನಾಟಕದಲ್ಲಿ ಬೇಸಿಗೆಯಲ್ಲಿ ಹೊಸೆದು ಬಿಸಿಲಿಗೆ ಒಣಗಿಸಿಡುವ ಗೋಧಿ ಶಾವಿಗೆ, ಇವೆರಡೂ ನೂಡಲ್ಸಿನ ಬಂಧುಗಳೇ. ಬೇಗನೆ ಬೇಯುವ ಈಗಿನ ನೂಡಲ್ಸನ್ನು 1958ರಲ್ಲಿ ಜಪಾನಿನ ಮೊಮೊಫುಕು ಆಂದೊ ಎಂಬವರು ಮಾರುಕಟ್ಟೆಗೆ ತಂದರು. ಕೊರಿಯಾದಲ್ಲಿ ಇದರ ತಯಾರಿಕೆ 1963ರಲ್ಲಿ ಆರಂಭವಾಯಿತು. ನಮ್ಮ ದೇಶದಲ್ಲಿ 1983ರಲ್ಲಿ ಬಂದ ಮ್ಯಾಗಿಯಿಂದ ಇದು ಮನೆಮಾತಾಯಿತು.

ಮೈದಾ ಹಿಟ್ಟಿನ ಎಳೆಗಳನ್ನು ಹಬೆಯಲ್ಲಿ ಬೇಯಿಸಿ, ಬಳಿಕ ಎಣ್ಣೆಯಲ್ಲಿ ಕರಿಯುತ್ತಾರೆ. ಕರಿಯುವಾಗ ನೀರಿನ ಅಂಶವು ಹೊರಟು ಎಳೆಯಲ್ಲಿ ಸಣ್ಣ ರಂಧ್ರಗಳು ಉಳಿಯುತ್ತವೆ. ಆ ರಂಧ್ರಗಳ ಮೂಲಕ ಬಿಸಿನೀರು ಬೇಗ ಒಳಸೇರುವುದರಿಂದಲೇ ಇದು ಕೆಲವೇ ನಿಮಿಷಗಳಲ್ಲಿ ಬೇಯುತ್ತದೆ. 70 ಗ್ರಾಂ ತೂಕದ ಪೊಟ್ಟಣದಿಂದ ಸುಮಾರು 300 ಕ್ಯಾಲೊರಿ ಶಕ್ತಿ ದೊರೆಯುತ್ತದೆ. ಆದರೆ ದೇಹವನ್ನು ಕಟ್ಟುವ ಸಸಾರಜನಕ, ಕರುಳಿಗೆ ಬೇಕಾದ ನಾರು, ರಕ್ತವೃದ್ಧಿಗೆ ಬೇಕಾದ ಕಬ್ಬಿಣ ಇವು ಅದರಲ್ಲಿ ಕಡಿಮೆ. ಆದುದರಿಂದ ಪೊಟ್ಟಣದಲ್ಲಿರುವುದು ಅರ್ಧ ಊಟ ಮಾತ್ರ. ಉಳಿದ ಅರ್ಧವನ್ನು ಸೇರಿಸಬೇಕಾದವರು ನಾವು.

ಖಾರ ಬೇರೆ, ಉಪ್ಪು ಬೇರೆ

ಖಾರದ ನೂಡಲ್ಸಿನಲ್ಲಿ ಎಲ್ಲರೂ ಹೆದರುವುದು ಖಾರಕ್ಕೆ. ವಾಸ್ತವವಾಗಿ ಹೆಚ್ಚು ಎಚ್ಚರ ಬೇಕಾಗಿರುವುದು ಉಪ್ಪಿನ ವಿಷಯದಲ್ಲಿ. ಖಾರವು ತನ್ನನ್ನು ತಾನೇ ಸಾರುತ್ತದೆ. ಉಪ್ಪು ಖಾರದ ಮರೆಯಲ್ಲಿ ಅಡಗಿರುತ್ತದೆ.

ದೊಡ್ಡವರು ದಿನಕ್ಕೆ 5 ಗ್ರಾಂಗಿಂತ, ಎಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. ಪೊಟ್ಟಣದ ಹಿಂಬದಿಯಲ್ಲಿ ಸೋಡಿಯಂ ಎಷ್ಟು ಮಿಲಿಗ್ರಾಂ ಎಂದು ಅಚ್ಚು ಹಾಕಿರುತ್ತಾರೆ. ಆ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಉದಾಹರಣೆಗೆ 1600 ಮಿಲಿಗ್ರಾಂ ಸೋಡಿಯಂ ಎಂದರೆ 4 ಗ್ರಾಂ ಉಪ್ಪು. ಒಂದೇ ಹೊತ್ತಿನ ತಿಂಡಿಯಲ್ಲಿ ಹೆಚ್ಚುಕಡಿಮೆ ಇಡೀ ದಿನದ ಉಪ್ಪು ಮುಗಿದಂತಾಯಿತು. ಸೋಡಿಯಂ ಅಂಕಿಯು ಇಡೀ ಪೊಟ್ಟಣಕ್ಕೆ ಕೊಟ್ಟದ್ದೋ, 100 ಗ್ರಾಂಗೆ ಕೊಟ್ಟದ್ದೋ ಎಂಬುದನ್ನೂ ನೋಡಿಕೊಳ್ಳಿರಿ.

ಈ ಉಪ್ಪಿನ ಬಹುಪಾಲು ಮಸಾಲೆಯ ಸಣ್ಣ ಪೊಟ್ಟಣದಲ್ಲಿ ಇರುತ್ತದೆ. ಅದನ್ನು ಪೂರ್ತಿ ಸುರಿಯಲೇಬೇಕೆಂಬ ನಿಯಮವೇನೂ ಇಲ್ಲ. ಅರ್ಧ ಮಾತ್ರ ಹಾಕಿರಿ. ಮೇಲೆ ಬೇರೆ ಉಪ್ಪು ಹಾಕಬೇಡಿರಿ. ಕಡಿಮೆಯಾದ ರುಚಿಯನ್ನು ನಮ್ಮ ಅಡಿಗೆಮನೆಯ ನಿಂಬೆಹುಳಿ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ಕರಿಬೇವು ತುಂಬಿಕೊಡುತ್ತವೆ.

ಉರಿಗೆ ಮದ್ದು ನೀರಲ್ಲ, ಮಜ್ಜಿಗೆ

ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ಅಂಶವು ನಾಲಗೆಯಲ್ಲಿ ಬಿಸಿಯನ್ನು ತಿಳಿಸುವ ನರಗಳನ್ನು ಕೆರಳಿಸುತ್ತದೆ. ಇದು ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಆದುದರಿಂದ ನೀರು ಕುಡಿದರೆ ಉರಿಯು ಬಾಯಿಯೆಲ್ಲಾ ಹರಡುವುದೇ ಹೊರತು ಶಮನವಾಗುವುದಿಲ್ಲ. ಹಾಲು, ಮೊಸರು, ಮಜ್ಜಿಗೆ ಇವುಗಳಿಂದ ಉರಿ ಬೇಗ ಇಳಿಯುತ್ತದೆ. ಖಾರದ ನೂಡಲ್ಸ್ ಮಾಡುವ ದಿನ ಒಂದು ಲೋಟ ಮಜ್ಜಿಗೆಯನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳಿರಿ.

ಅತಿ ಖಾರದ ಬಗೆಗಳ ವಿಷಯದಲ್ಲಿ ಹೊರದೇಶಗಳಲ್ಲಿಯೂ ಎಚ್ಚರಿಕೆ ವಹಿಸಿದ್ದಾರೆ. 2024ರ ಜೂನ್ ತಿಂಗಳಲ್ಲಿ ಡೆನ್ಮಾರ್ಕ್ ದೇಶದ ಆಹಾರ ಇಲಾಖೆಯು ಕೊರಿಯಾದ ಮೂರು ಬಗೆಯ ನೂಡಲ್ಸನ್ನು ಅಂಗಡಿಗಳಿಂದ ಹಿಂಪಡೆಯಲು ಆದೇಶಿಸಿತು. ಅವುಗಳಲ್ಲಿನ ಕ್ಯಾಪ್ಸೈಸಿನ್ ಪ್ರಮಾಣವು ವಿಶೇಷವಾಗಿ ಮಕ್ಕಳಿಗೆ ಅಪಾಯಕರವೆಂಬುದು ಅದರ ಅಭಿಪ್ರಾಯವಾಗಿತ್ತು. ಮರುಪರಿಶೀಲನೆಯ ನಂತರ ಮುಂದಿನ ತಿಂಗಳು ಎರಡು ಬಗೆಗಳ ಮೇಲಿನ ತಡೆಯನ್ನು ತೆಗೆಯಿತು.

ಬಣ್ಣ ಬೇಕು, ಉರಿ ಬೇಡ ಎನ್ನುವವರಿಗೆ ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಇದೆ. ಅದು ಕಡುಕೆಂಪು, ಖಾರ ಮಾತ್ರ ಮಿತವಾದದ್ದು. ಎರಡು ಬ್ಯಾಡಗಿ ಮೆಣಸಿನಕಾಯಿಯನ್ನು ಬಿಸಿನೀರಿನಲ್ಲಿ ನೆನೆಸಿ, ಬೆಳ್ಳುಳ್ಳಿಯೊಡನೆ ಅರೆದು, ಒಂದು ಚಮಚ ಎಣ್ಣೆಯಲ್ಲಿ ಬಾಡಿಸಿದರೆ ಪೊಟ್ಟಣದ ಖಾರದ ರಸಕ್ಕೆ ಬದಲಾಗಿ ಬಳಸಬಹುದು.

ಮನೆಯಲ್ಲಿ ಮಾಡುವ ನಾಲ್ಕು ಬಗೆಗಳು

ಶಂಕರಪುರಂನಲ್ಲಿ ಹೆಸರಾದ ಬ್ರಾಹ್ಮಿಣ್ಸ್ ಕಾಫಿ ಬಾರ್‌ನಲ್ಲಿ ಖಾರಾಬಾತನ್ನು ತಿಂದವರು ಒಂದು ಮಾತನ್ನು ಒಪ್ಪುತ್ತಾರೆ. ಬರಿಯ ರವೆಗೆ ರುಚಿಯಿಲ್ಲ. ಅದಕ್ಕೆ ರುಚಿ ಬರುವುದು ಒಗ್ಗರಣೆ ಮತ್ತು ತರಕಾರಿಯಿಂದ, ಜೊತೆಗಿರುವ ಚಟ್ನಿಯಿಂದ. ನೂಡಲ್ಸಿನ ವಿಷಯವೂ ಹಾಗೆಯೇ.

1. ಕಡಲೆಕಾಯಿ ನೂಡಲ್ಸ್: ಎಳೆಗಳನ್ನು ಬೇಯಿಸಿ ನೀರು ಬಸಿಯಿರಿ. ಸಾಸಿವೆ, ಕರಿಬೇವು, ಈರುಳ್ಳಿ ಒಗ್ಗರಣೆ ಹಾಕಿ, ಅರ್ಧ ಮಸಾಲೆಯೊಡನೆ ಕಲಸಿರಿ. ತಲಾ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜವನ್ನು ತರಿತರಿಯಾಗಿ ಕುಟ್ಟಿ ಸೇರಿಸಿರಿ. 25 ಗ್ರಾಂ ಬೀಜದಿಂದ ಸುಮಾರು 6 ಗ್ರಾಂ ಸಸಾರಜನಕ ದೊರೆಯುತ್ತದೆ.

2. ಸೊಪ್ಪಿನ ನೂಡಲ್ಸ್: ಮೆಂತ್ಯ, ದಂಟು ಅಥವಾ ನುಗ್ಗೆಸೊಪ್ಪನ್ನು ಎಳೆಗಳ ಎರಡರಷ್ಟು ತೆಗೆದುಕೊಂಡು ಮೊದಲು ಬೇಯಿಸಿರಿ, ಎಳೆಗಳನ್ನು ಕೊನೆಯ ಮೂರು ನಿಮಿಷಗಳಲ್ಲಿ ಹಾಕಿರಿ. ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿರಿ. ಸೊಪ್ಪಿನಲ್ಲಿರುವ ಕಬ್ಬಿಣವನ್ನು ದೇಹವು ಹೀರಿಕೊಳ್ಳಲು ನಿಂಬೆಯ ಸಿ ಜೀವಸತ್ವವು ಸಹಾಯಕ. ಕುದಿಯುವಾಗ ಹಿಂಡಿದರೆ ಆ ಸತ್ವವು ಬಹಳಷ್ಟು ನಷ್ಟವಾಗುತ್ತದೆ.

3. ಬಸ್ಸಾರಿನ ನೂಡಲ್ಸ್: ಮನೆಯಲ್ಲಿ ಕಾಳು, ಸೊಪ್ಪು ಬೇಯಿಸಿ ಬಸಿದು ಬಸ್ಸಾರು ಮಾಡಿದ ದಿನ, ಬೆಂದ ಎಳೆಗಳನ್ನು ಆ ಸಾರಿನಲ್ಲಿ ಹಾಕಿ ಪಲ್ಯದೊಡನೆ ತಿನ್ನಿರಿ. ಸಾರಿನಲ್ಲಿಯೇ ಉಪ್ಪು ಖಾರ ಇರುವುದರಿಂದ ಮಸಾಲೆ ಪೊಟ್ಟಣದ ಅಗತ್ಯವೇ ಬೀಳುವುದಿಲ್ಲ. ಚಳಿಗಾಲದಲ್ಲಿ ಅವರೆಕಾಳು ಸೇರಿದರೆ ಇದರ ರುಚಿ ಇನ್ನೂ ಹೆಚ್ಚು.

4. ಮೊಟ್ಟೆಯ ನೂಡಲ್ಸ್: ಮೊಟ್ಟೆ ತಿನ್ನುವವರು ಕುದಿಯುವ ನೂಡಲ್ಸಿಗೆ ತಲಾ ಒಂದು ಮೊಟ್ಟೆಯನ್ನು ಒಡೆದು ಹಾಕಿ ಚೆನ್ನಾಗಿ ಬೇಯಿಸಬಹುದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಸಾರಜನಕವಿದೆ.

ಸಸ್ಯಾಹಾರಿಗಳು ಪೊಟ್ಟಣವನ್ನು ಕೊಳ್ಳುವಾಗ ಹಸಿರು ಚುಕ್ಕೆಯ ಗುರುತನ್ನು ನೋಡಬೇಕು. ಹೊರದೇಶದ ಹಲವು ನೂಡಲ್ಸುಗಳಲ್ಲಿ ಮಾಂಸ ಅಥವಾ ಮೀನಿನ ಅಂಶವಿರುತ್ತದೆ. ಬಳಕೆಯ ಅವಧಿ ಮುಗಿದಿದೆಯೇ ಎಂಬುದನ್ನೂ ಎಲ್ಲರೂ ಪರೀಕ್ಷಿಸಿ ಕೊಳ್ಳತಕ್ಕದ್ದು.

ಗರ್ಭಿಣಿಯರು ಮತ್ತು ಮಕ್ಕಳು

ತಾಯಿ ಖಾರ ತಿಂದರೆ ಹೊಟ್ಟೆಯೊಳಗಿನ ಮಗುವಿಗೆ ಉರಿ ತಗಲುವುದೆಂಬುದು ತಪ್ಪು ಕಲ್ಪನೆ. ಆದರೆ ಗರ್ಭಿಣಿಯರಿಗೆ ಎದೆಯುರಿ ಸಹಜವಾಗಿಯೇ ಹೆಚ್ಚು. ಅತಿ ಖಾರವು ಅದನ್ನು ಕೆರಳಿಸುತ್ತದೆ. ಮಿತವಾದ ಖಾರವನ್ನು, ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲು ತಿನ್ನುವುದು ಲೇಸು. ಉಪ್ಪನ್ನು ಪೂರ್ತಿ ಬಿಡಬೇಕಾಗಿಲ್ಲ. ಅಯೋಡಿನ್ ಸೇರಿದ ಉಪ್ಪನ್ನು ಮಿತವಾಗಿ ಬಳಸಿರಿ. ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈಗಳು ಊದಿಕೊಳ್ಳುವುದು ಇವು ಕಂಡುಬಂದರೆ ನೂಡಲ್ಸಿನ ದೋಷವೆಂದು ಸುಮ್ಮನಿರದೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತದ ಒತ್ತಡವನ್ನು ಪರೀಕ್ಷಿಸಿಕೊಳ್ಳಿರಿ. ಕಬ್ಬಿಣದ ಮಾತ್ರೆಯನ್ನು ನುಂಗುವ ಹೊತ್ತಿನಲ್ಲಿ ಕಾಫಿ, ಟೀ ಬೇಡ.

ಒಂದು ವರ್ಷದೊಳಗಿನ ಶಿಶುವಿಗೆ ನೂಡಲ್ಸಿನ ಮಸಾಲೆಯನ್ನು ಕೊಡಲೇಬಾರದು. ಚಿಕ್ಕ ಮಕ್ಕಳಿಗಾಗಿ ಮಸಾಲೆ ಹಾಕುವ ಮೊದಲೇ ಎಳೆಗಳನ್ನು ತೆಗೆದಿಟ್ಟು, ತುಂಡುಮಾಡಿ, ಮೊಸರು ಅಥವಾ ಬೇಳೆಯ ಕಟ್ಟಿನೊಡನೆ ಕಲಸಿಕೊಡಿರಿ. ಇಡೀ ಕಡಲೆಕಾಯಿ ಬೀಜವು ಮಕ್ಕಳ ಗಂಟಲಿನಲ್ಲಿ ಸಿಕ್ಕಿಕೊಳ್ಳಬಹುದಾದ್ದರಿಂದ ಅದನ್ನು ನುಣ್ಣಗೆ ಪುಡಿಮಾಡಿಯೇ ಹಾಕಬೇಕು. ರಕ್ತದ ಒತ್ತಡ ಅಥವಾ ಮೂತ್ರಪಿಂಡದ ಕಾಯಿಲೆ ಇರುವ ಹಿರಿಯರು ವೈದ್ಯರ ಸಲಹೆಯಂತೆ ನಡೆಯಬೇಕು. ಆರೋಗ್ಯವಂತರಿಗೂ ಇದು ಅಪರೂಪದ ತಿಂಡಿಯಾಗಿರಲಿ. ರಾಗಿಮುದ್ದೆ, ಅನ್ನ, ರೊಟ್ಟಿಗಳ ಸ್ಥಾನವನ್ನು ಇದು ಆಕ್ರಮಿಸಬಾರದು.

ಜೊತೆಯಲ್ಲಿ ಕುಳಿತು ಉಣ್ಣಿರಿ

ಈಗ ಶಂಕರಪುರಂನ ಎರಡನೆಯ ಸಂಜೆಗೆ ಬರೋಣ. ಆ ಗೃಹಿಣಿಯು ಗಾಂಧಿಬಜಾರಿನಿಂದ ಒಂದು ಕಟ್ಟು ಮೆಂತ್ಯದ ಸೊಪ್ಪು, ಎರಡು ನಿಂಬೆಹಣ್ಣು ತರಿಸಿದಳು. ತಮ್ಮನು ಸೊಪ್ಪು ಬಿಡಿಸಿದನು. ಗಂಡನು ತಮ್ಮದೇ ಹೊಲದ ಕಡಲೆಕಾಯಿಯನ್ನು ಹುರಿದು ಕುಟ್ಟಿದನು. ಮಗಳ ಪಾಲನ್ನು ಮೊದಲೇ ತೆಗೆದಿಟ್ಟರು. ಮಸಾಲೆಯನ್ನು ಅರ್ಧ ಮಾತ್ರ ಹಾಕಿದರು. ಇನ್ನೂ ಖಾರ ಬೇಕೆಂದ ತಮ್ಮನಿಗೆ ಹಸಿಮೆಣಸಿನಕಾಯಿ ತಟ್ಟೆಯ ಬದಿಯಲ್ಲಿತ್ತು.

ನೂಡಲ್ಸು ಕಾಯುವ ಅಡಿಗೆಯಲ್ಲ. ಇಳಿಸಿದ ಹತ್ತು ನಿಮಿಷದಲ್ಲಿ ಊದಿ ಕೆಡುತ್ತದೆ. ಆದುದರಿಂದ ಗಂಡನು, "ಬಡಿಸುವುದು ಆಮೇಲಿರಲಿ, ನೀನೂ ಕೂತುಕೋ" ಎಂದು ನಾಲ್ಕು ತಟ್ಟೆಗಳನ್ನು ತಾನೇ ಒಮ್ಮೆಗೇ ತುಂಬಿದನು. ಆಕೆಯು ಬಿಸಿಯಾದ ತನ್ನ ಪಾಲನ್ನು ಎಲ್ಲರೊಡನೆ ಉಂಡಳು.

ನಮ್ಮ ಅನೇಕ ಮನೆಗಳಲ್ಲಿ ಅಡಿಗೆ ಮಾಡಿದವಳು ಕೊನೆಯಲ್ಲಿ ಉಣ್ಣುವುದು ರೂಢಿ. ಕೊನೆಯಲ್ಲಿ ಉಣ್ಣುವವಳಿಗೆ ಪಲ್ಯ, ಕಾಳು, ಮೊಟ್ಟೆ ಉಳಿಯುವುದು ಅಪರೂಪ. ಗರ್ಭಿಣಿಯ ಪಾಲು ಕಡಿಮೆಯಾದರೆ ಹುಟ್ಟಲಿರುವ ಮಗುವಿನ ಪಾಲೂ ಕಡಿಮೆಯಾದಂತೆಯೇ. ದಂಪತಿಗಳೇ, ನೂಡಲ್ಸಿನ ದಿನ ಕಲಿತ ಈ ಪದ್ಧತಿಯನ್ನು ಮುದ್ದೆಯ ದಿನವೂ, ಅನ್ನದ ದಿನವೂ ಮುಂದುವರಿಸಿರಿ. ಅಡಿಗೆಯಲ್ಲಿ ಇಬ್ಬರೂ ಕೈಜೋಡಿಸಿರಿ; ಊಟಕ್ಕೆ ಇಬ್ಬರೂ ಒಟ್ಟಿಗೆ ಕುಳಿತುಕೊಳ್ಳಿರಿ.