ಮರಿಮೀನಿನ ಮೈಮೇಲಿನ ಹೇನು ಎಣಿಸಿದವರು

ಅಲೆಕ್ಸಾಂಡ್ರಾ ಮಾರ್ಟನ್ 1984ರಲ್ಲಿ ಕೆನಡಾದ ಪಶ್ಚಿಮ ತೀರದ ಬ್ರೌಟನ್ ದ್ವೀಪಸಮೂಹಕ್ಕೆ ಬಂದದ್ದು ಓರ್ಕಾ ತಿಮಿಂಗಿಲಗಳ ಬೆನ್ನುಹತ್ತಿ. ಆದರೆ 2001ರ ವಸಂತದಲ್ಲಿ ಅವರನ್ನು ಹಿಡಿದು ನಿಲ್ಲಿಸಿದ್ದು ಕಿರುಬೆರಳಿಗಿಂತ ಸಣ್ಣ ಪಿಂಕ್ ಸಾಲ್ಮನ್ ಮರಿಗಳು. ಅವುಗಳ ಮೈಗೆ ಸಮುದ್ರಹೇನು ಎಂಬ ಪರೋಪಜೀವಿ ಹತ್ತಿತ್ತು.

ಹೇನು ಆ ಕಡಲಿಗೆ ಹೊಸದೇನಲ್ಲ. ಬಲಿತ ಸಾಲ್ಮನ್‌ಗೆ ನಾಲ್ಕಾರು ಹೇನಿದ್ದರೆ ಲೆಕ್ಕಕ್ಕಿಲ್ಲ. ಪಿಂಕ್ ಮರಿಯ ಕತೆ ಬೇರೆ. ಹೊಳೆಯ ಜಲ್ಲಿಯಿಂದ ಮೇಲೆದ್ದ ಕೂಡಲೇ ಅದು ಕಡಲಿಗಿಳಿಯುತ್ತದೆ. ತೂಕ ಒಂದು ಗ್ರಾಂ ಕೂಡ ಇರುವುದಿಲ್ಲ. ಆ ಹೊತ್ತಿಗೆ ಹೇನು ಹೊತ್ತ ದೊಡ್ಡ ಮೀನುಗಳು ಬಹುಪಾಲು ದೂರದ ಕಡಲಲ್ಲಿರುತ್ತವೆ ಎಂಬುದೇ ಮರಿಗಳಿಗಿದ್ದ ರಕ್ಷೆ. ಅವು ಹಾಯುವ ದಾರಿಯಲ್ಲೇ ಪಂಜರ ಕಟ್ಟಿ, ಅಟ್ಲಾಂಟಿಕ್ ಸಾಲ್ಮನ್‌ಗಳನ್ನು ವರ್ಷವಿಡೀ ಸಾಕತೊಡಗಿದ ಮೇಲೆ ಆ ರಕ್ಷೆ ಹೋಯಿತು. 2000ದಲ್ಲಿ ಸುಮಾರು 36 ಲಕ್ಷ ಪಿಂಕ್‌ಗಳು ಆ ಭಾಗದ ಹೊಳೆಗಳಿಗೆ ಮರಳಿದ್ದವು. ಅವುಗಳ ಸಂತಾನ 2002ರಲ್ಲಿ ಮರಳಿದಾಗ ಇದ್ದದ್ದು ಒಂದೂವರೆ ಲಕ್ಷದಷ್ಟು.

ಅಲ್ಲಿಂದ ಪ್ರತಿ ವಸಂತವೂ ಎಣಿಕೆ. ರೂಢಿಗೆ ಬಂದ ವಿಧಾನ ಸರಳ. ನಮ್ಮ ಕರಾವಳಿಯ ಕೈರಂಪಣಿಯ ಪುಟ್ಟ ತಂಗಿಯಂಥ ಬಲೆಯನ್ನು ದಡದಲ್ಲಿ ಎಳೆಯುತ್ತಾರೆ. ಒಂದೊಂದೇ ಮರಿಯನ್ನು ಕಡಲ ನೀರು ತುಂಬಿದ ಪಾರದರ್ಶಕ ಚೀಲಕ್ಕಿಳಿಸಿ, ಭೂತಗನ್ನಡಿ ಹಿಡಿದು ಎರಡೂ ಮಗ್ಗುಲು ನೋಡುತ್ತಾರೆ. ಅಂಟಿ ಕೂತ ಎಳೆಯ ಹೇನೆಷ್ಟು, ಮೈಮೇಲೆ ಹರಿದಾಡುವ ಬಲಿತದ್ದೆಷ್ಟು ಎಂದು ಬರೆದುಕೊಂಡು ಮರಿಯನ್ನು ನೀರಿಗೆ ಬಿಡುತ್ತಾರೆ. ಹೇನಿನ ವಯಸ್ಸೇ ಸಾಕ್ಷಿ: ತೀರಾ ಎಳೆಯದಾದರೆ ಸೋಂಕು ಹತ್ತಿದ್ದು ಈಚೆಗೆ, ಅಲ್ಲೇ ಎಲ್ಲೋ. ಮರಿಗಳು ಸಾಗುವ ದಾರಿಯುದ್ದಕ್ಕೂ ಹೀಗೆ ಎಣಿಸಿದ ಮಾರ್ಟಿನ್ ಕ್ರ್ಕೋಶೆಕ್ ಮತ್ತು ಸಂಗಡಿಗರು 2005ರಲ್ಲಿ ಒಂದೇ ಒಂದು ಪಂಜರಕೇಂದ್ರದ ಪ್ರಭಾವವನ್ನು ಅಳೆದರು. ಅದರ ಬಳಿ ಸೋಂಕಿನ ಒತ್ತಡ ಆ ಕಡಲಿನ ಹಿನ್ನೆಲೆ ಮಟ್ಟದ 73 ಪಟ್ಟು. ಪ್ರಭಾವ 30 ಕಿಲೋಮೀಟರ್‌ವರೆಗೂ ಚಾಚಿತ್ತು.

ಪಿಂಕ್‌ಗಳು ಕುಗ್ಗಿದ್ದಕ್ಕೆ ಪಂಜರವೇ ಕಾರಣವೇ ಎಂಬ ಜಗಳ ಇಲ್ಲಿಗೆ ಮುಗಿಯಲಿಲ್ಲ. ಕಾಡುಮೀನಿನ ಲೆಕ್ಕ ಬಯಲಲ್ಲಿತ್ತು, ಪಂಜರದೊಳಗಿನದು ಸಾಕಣೆ ಕಂಪನಿಗಳ ಕಪಾಟಿನಲ್ಲಿ. ಈ ಪಿಂಕ್‌ಗಳು ಬೇಗ ನಿರ್ನಾಮವಾಗುತ್ತವೆ ಎಂದು ಕ್ರ್ಕೋಶೆಕ್ ತಂಡ 2007ರಲ್ಲಿ ಹೇಳಿದ ಭವಿಷ್ಯವೂ ಫಲಿಸಲಿಲ್ಲ. ಮರಿಗಳು ಹಾಯುವ ಮುನ್ನ ಪಂಜರದ ಮೀನಿಗೆ ಮದ್ದು ಹಾಕುವ ಕ್ರಮ ಅಷ್ಟರಲ್ಲಿ ಬಂದಿತ್ತು. ಕಂಪನಿಗಳ ಅಂಕಿಅಂಶ ಸಿಕ್ಕಮೇಲೆ 2010ರಲ್ಲಿ ಗ್ಯಾರಿ ಮಾರ್ಟಿ ತಂಡ ಮರಿಗಳಿಗೆ ಹೇನು ಹತ್ತುವುದು ಪಂಜರದ ಹೇನಿನ ಪ್ರಮಾಣವನ್ನೇ ಅನುಸರಿಸುತ್ತದೆಂದು ಒಪ್ಪಿತು. ಆದರೆ ಅದರಿಂದ ಮೀನಿನ ಸಂತತಿ ಕುಗ್ಗಿದ್ದಕ್ಕೆ ಪುರಾವೆಯಿಲ್ಲ ಎಂದಿತು. ಮರುವರ್ಷ ಅದೇ ಅಂಕಿಗಳನ್ನಿಟ್ಟುಕೊಂಡು ಕ್ರ್ಕೋಶೆಕ್ ತಂಡ ಕುಗ್ಗಿದೆ ಎಂದಿತು! ಎರಡು ಕಡೆಯ ಎಣಿಕೆಯೂ ಮೊದಲ ವರ್ಷದಿಂದಲೇ ಒಂದೆಡೆ ಸಿಕ್ಕಿದ್ದರೆ ಈ ಹತ್ತು ವರ್ಷಗಳ ಹಗ್ಗಜಗ್ಗಾಟ ಅರ್ಧಕ್ಕರ್ಧ ತಪ್ಪುತ್ತಿತ್ತೇನೋ.

2018ರಲ್ಲಿ ಮೂರು ಮೂಲನಿವಾಸಿ ಸಮುದಾಯಗಳೊಡನೆ ಆದ ಒಪ್ಪಂದದಂತೆ ಬ್ರೌಟನ್‌ನ ಪಂಜರಗಳನ್ನು ಹಂತಹಂತವಾಗಿ ತೆರವು ಮಾಡಲು ನಿರ್ಧಾರವಾಯಿತು. ಬ್ರಿಟಿಷ್ ಕೊಲಂಬಿಯಾದ ಕರಾವಳಿಯಲ್ಲಿ ತೆರೆದ ಬಲೆಯ ಸಾಲ್ಮನ್ ಸಾಕಣೆಯನ್ನು 2029ರ ಜೂನ್ ಅಂತ್ಯಕ್ಕೆ ನಿಲ್ಲಿಸುವುದಾಗಿ ಕೆನಡಾ ಸರ್ಕಾರ 2024ರಲ್ಲಿ ಸಾರಿತು. ಪಂಜರ ಹೋದರೂ ಎಣಿಕೆಗೆ ಕೆಲಸ ತಪ್ಪದು. ಏಕೆಂದರೆ ಪಂಜರಗಳು ಬರುವ ಮುನ್ನ ಮರಿಗಳ ಮೈಮೇಲೆ ಎಷ್ಟು ಹೇನಿದ್ದವೆಂದು ಅಲ್ಲಿ ಯಾರೂ ಬರೆದಿಟ್ಟಿರಲಿಲ್ಲ.