ಇದ್ದಲಿನೊಳಗಣ ಬಯಲು

ಗುಂಡ್ಲುಪೇಟೆಯಿಂದ ಊಟಿಯ ಹಾದಿ ಹಿಡಿದು ಹಂಗಳಕ್ಕೆ ಬಂದು ಬಲಕ್ಕೆ ಹೊರಳಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ. 2019ರ ಫೆಬ್ರುವರಿಯಲ್ಲಿ ಈ ಬೆಟ್ಟದ ಆಸುಪಾಸಿನ ಬಂಡೀಪುರದ ಕಾಡು ಸಾವಿರಾರು ಎಕರೆ ಉರಿಯಿತು. ಒಣಗಿ ನಿಂತಿದ್ದ ಹುಲ್ಲು ಮತ್ತು ಲಂಟಾನದ ಪೊದೆಗಳು ಆ ಬೆಂಕಿಗೆ ಮೇವಾದವು. ಕೆಲವು ವಾರಗಳ ಮೇಲೆ ನಾನು ಅಲ್ಲಿಗೆ ಹೋದಾಗ ರಸ್ತೆಯಂಚಿನಲ್ಲಿ ಬಿದ್ದಿದ್ದ ಕರಿಕಡ್ಡಿಯೊಂದನ್ನು ಎತ್ತಿಕೊಂಡೆ. ಜತೆಯಲ್ಲಿದ್ದ ರಸಾಯನಶಾಸ್ತ್ರದ ಅಧ್ಯಾಪಕ ಮಿತ್ರರು ನಕ್ಕು, “ನಿಮ್ಮ ಕೈಯಲ್ಲಿರುವುದು ಬಹುಮಟ್ಟಿಗೆ ಬಯಲು” ಎಂದರು.

ನಾವು ಕನ್ನಡದವರು ಬಯಲೆಂದೊಡನೆ ವಚನಕಾರರ ಕಡೆಗೆ ತಿರುಗುತ್ತೇವೆ. ಮಿತ್ರರ ಮಾತಾದರೋ ಅಕ್ಷರಶಃ ಸತ್ಯ. ಇದ್ದಲೆಂದರೆ ರಂಧ್ರಗಳ ರಾಶಿ. ತೆಂಗಿನ ಕರಟವನ್ನು ಗಾಳಿಯಾಡದಂತೆ ಸುಟ್ಟು, ಹಬೆಯಿಂದಲೋ ದಾಹಕ ಪೊಟ್ಯಾಷಿನಿಂದಲೋ 700–800 ಡಿಗ್ರಿ ಶಾಖದಲ್ಲಿ ಕೊರೆದರೆ, ಒಂದೇ ಗ್ರಾಂ ಪುಡಿಯ ಒಳಮೈ ಸಾವಿರ ಚದರ ಮೀಟರನ್ನೂ ಮೀರುತ್ತದೆ. ಚಿಟಿಕೆ ಪುಡಿಯಲ್ಲಿ ಒಂದು ಮನೆಯ ನಿವೇಶನವೇ ಅಡಗಿದೆಯೆನ್ನಿ! ಇಂಗಾಲ ಶಬ್ದವು ಅಂಗಾರದ, ಎಂದರೆ ಕೆಂಡದ, ತದ್ಭವ. ಕೆಂಡ ಆರಿದ ಮೇಲೆ ಉಳಿಯುವ ಟೊಳ್ಳಿಗೆ ಇಷ್ಟು ಬೆಲೆಯುಂಟೆಂದು ಹೆಸರಿಟ್ಟವರು ಎಣಿಸಿರಲಾರರು.

ಈ ಸರಂಧ್ರ ಇಂಗಾಲಕ್ಕೆ ಅಲ್ಪ ಸಾರಜನಕವನ್ನು ಬೆರೆಸುವುದು ಇತ್ತೀಚಿನ ವಿದ್ಯೆ. ಹಂಗಳದ ರೈತನಿಗೆ ಚೆನ್ನಾಗಿ ಗೊತ್ತಿರುವ ಯೂರಿಯವೇ ಇದಕ್ಕೆ ಸಾಕು. ಅದರಲ್ಲಿ ನೂರಕ್ಕೆ 46 ಪಾಲು ಸಾರಜನಕ. ಇಂಗಾಲದೊಡನೆ ಕಾಯಿಸಿದಾಗ ಕೆಲವು ಇಂಗಾಲದ ಪರಮಾಣುಗಳ ಜಾಗದಲ್ಲಿ ಸಾರಜನಕ ಬಂದು ಕೂರುತ್ತದೆ. ನೀರಿಗೆ ಒಲ್ಲದಿದ್ದ ಇದ್ದಲು ಆಗ ನೀರಿಗೆ ಒಗ್ಗುತ್ತದೆ. ದ್ರಾವಣದ ಅಯಾನುಗಳು ಒಳರಂಧ್ರಗಳವರೆಗೆ ಇಳಿದು ವಿದ್ಯುತ್ತನ್ನು ಹಿಡಿದಿಡುತ್ತವೆ. ಇದೇ ಸೂಪರ್‌ಕೆಪಾಸಿಟರ್. ಕೆಲವೇ ಕ್ಷಣಗಳಲ್ಲಿ ತುಂಬುತ್ತದೆ, ಲಕ್ಷಾಂತರ ಸಲ ತುಂಬಿ ಬರಿದಾದರೂ ಸೊರಗದು. ಹಿಡಿಯುವ ಶಕ್ತಿ ಮಾತ್ರ ಲಿಥಿಯಂ ಬ್ಯಾಟರಿಯದಕ್ಕಿಂತ ಬಹಳ ಕಡಮೆ. ಬೆಂಗಳೂರಿನ ಜಕ್ಕೂರಿನಲ್ಲಿ 1989ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಸಿ. ಎನ್. ಆರ್. ರಾವ್ ಅವರ ತಂಡವು ಸಾರಜನಕ ಸೇರಿದ ಗ್ರಾಫೀನನ್ನೂ, ಬೋರಾನ್ ಸಾರಜನಕಗಳೆರಡೂ ಕೂಡಿದ ಇಂಗಾಲವನ್ನೂ ಇದೇ ಕೆಲಸಕ್ಕೆ ಪರೀಕ್ಷಿಸಿದೆ.

ಇನ್ನೊಂದು ಕೆಲಸ ಗಾಳಿಗೆ ಸಂಬಂಧಿಸಿದ್ದು. ಇಂಗಾಲದ ಡೈ ಆಕ್ಸೈಡು ಆಮ್ಲಗುಣದ ಅನಿಲ, ಸಾರಜನಕ ಕುಳಿತ ಎಡೆ ಕ್ಷಾರಗುಣದ್ದು. ಆದ್ದರಿಂದ ಒಂದು ಇನ್ನೊಂದನ್ನು ಸೆಳೆಯುತ್ತದೆ. ಆದರೆ ವಿದ್ವಾಂಸರಲ್ಲಿ ಇಲ್ಲಿ ಒಮ್ಮತವಿಲ್ಲ. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಿರಿದಾದ ರಂಧ್ರಗಳಿದ್ದರೆ ಸಾರಜನಕದ ಹಂಗೇ ಬೇಡವೆನ್ನುವವರೂ ಇದ್ದಾರೆ. ಈ ವ್ಯಾಜ್ಯದಲ್ಲಿ ತೀರ್ಪು ಕೊಡುವ ಅಧಿಕಾರ ಕನ್ನಡ ಮೇಷ್ಟರಿಗಿಲ್ಲ.

ಲೆಕ್ಕ ಮಾಡುವ ಅಧಿಕಾರವಾದರೂ ಇದೆಯಷ್ಟೆ. ಒಳ್ಳೆಯ ಸರಂಧ್ರ ಇಂಗಾಲ ಒಂದು ಕಿಲೋ, ಸಾಮಾನ್ಯ ಉಷ್ಣತೆಯಲ್ಲಿ, ಶುದ್ಧ ಅನಿಲದ ನಡುವೆ ಹಿಡಿಯುವುದು ಸುಮಾರು 200 ಗ್ರಾಂ. ಚಿಮಣಿಯ ಹೊಗೆಯಲ್ಲಿ ಇದು ಇನ್ನೂ ಕಡಮೆ. ಅಲ್ಲಿ ನೀರಾವಿಯೂ ಜಾಗಕ್ಕಾಗಿ ಹೋರಾಡುತ್ತದೆ. ಅದೇ ಒಂದು ಕಿಲೋ ಇಂಗಾಲವನ್ನು ಪೂರ್ತಿ ಸುಟ್ಟರೆ ಹೊರಡುವ ಅನಿಲ ಮೂರೂವರೆ ಕಿಲೋಗೂ ಮಿಕ್ಕು! ಹಿಡಿದದ್ದನ್ನು ಬೇರೆಡೆ ಬಿಡಿಸಿ ಭದ್ರಪಡಿಸಿ, ಅದೇ ಪುಡಿಯನ್ನು ಸಾವಿರಾರು ಸಲ ಬಳಸಿದರೆ ಮಾತ್ರ ಈ ವಿದ್ಯೆಗೆ ಅರ್ಥ. ಕುಲುಮೆಯ ಶಾಖವನ್ನೂ ಯೂರಿಯ ತಯಾರಿಸುವಾಗ ಹೊರಬೀಳುವ ಅನಿಲವನ್ನೂ ಖರ್ಚಿನ ಕಡೆಗೆ ಬರೆಯದವರ ಲೆಕ್ಕವನ್ನು ನಾನಂತೂ ನಂಬಲಾರೆ.

ಹಾಗೆಂದು ಆ ಕರಿಕಡ್ಡಿಯನ್ನು ಬಿಸಾಡಲು ಮನಸ್ಸು ಬರಲಿಲ್ಲ. ಬಂಡೀಪುರಕ್ಕೆ ಲಂಟಾನ ದೊಡ್ಡ ಪಿಡುಗು. ಹುಲ್ಲನ್ನು ಅದುಮಿ, ಜಿಂಕೆಗೆ ಮೇವಿಲ್ಲದಂತೆ ಮಾಡಿ, ಬೇಸಗೆಯಲ್ಲಿ ಬೆಂಕಿಯನ್ನು ಸಾಕುವ ಗಿಡ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ ಹೆಣೆಯುವುದನ್ನು ಕಲಿತಿದ್ದಾರೆ. ಇದ್ದಲಾಗುವುದಕ್ಕೂ ಅದು ಯೋಗ್ಯವೆ? ಮಿತ್ರರನ್ನು ಕೇಳಿದೆ. “ಆದೀತು. ಕಾಡಿನಿಂದ ಕಡಿದು ಹೊತ್ತು ತರುವವರ ಕೂಲಿಯನ್ನು ಯಾರು ಕೊಡುತ್ತಾರೆ, ಮೊದಲು ಅದನ್ನು ಹೇಳಿ” ಎಂದರು. ನಾವು ನಿಂತಿದ್ದ ಕಡೆ, ಸುಟ್ಟ ಬುಡದಲ್ಲಿ ಲಂಟಾನ ಆಗಲೇ ಎರಡೆಲೆ ಚಿಗುರಿತ್ತು.