ಗೋಗಿಯ ಮೊಮ್ಮಗ ಕಟ್ಟಿದ ಸಂಗೀತದ ಊರು

ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಚಂದಾ ಹುಸೇನಿ ದರ್ಗಾದ ಬಳಿ ಬಿಜಾಪುರದ ಮೊದಲ ಆದಿಲ್‌ಶಾಹಿಗಳ ಗೋರಿಗಳಿವೆ. ಯೂಸುಫ್, ಇಸ್ಮಾಯಿಲ್, 1558ರಲ್ಲಿ ತೀರಿಕೊಂಡ ಒಂದನೇ ಇಬ್ರಾಹಿಂ ಮಲಗಿರುವುದು ಇಲ್ಲೇ. ಗೋಲಗುಮ್ಮಟ ಕಂಡ ಕಣ್ಣಿಗೆ ಇವು ತೀರ ಸಾದಾ. ಆದರೆ ಈ ಇಬ್ರಾಹಿಮನ ಮೊಮ್ಮಗ ಎರಡನೇ ಇಬ್ರಾಹಿಂ (ಆಳ್ವಿಕೆ 1580–1627) ನೆನಪಾದಾಗಲೆಲ್ಲ ನನಗೆ ಚೀನಾದ ಕನ್ಫ್ಯೂಷಿಯಸ್ ಕೂಡ ನೆನಪಾಗುತ್ತಾನೆ. ಇಬ್ಬರಿಗೂ ಸಂಗೀತವೆಂದರೆ ರಾಜ್ಯದ ವಿಷಯ.

ಕ್ರಿ.ಪೂ. 551ರಲ್ಲಿ ಹುಟ್ಟಿದ ಆ ಗುರು ಚೀ ರಾಜ್ಯದಲ್ಲಿ ಶಾವ್ ಎಂಬ ಹಳೆಯ ಸಂಗೀತ ಕೇಳಿ ಮೂರು ತಿಂಗಳು ಮಾಂಸದ ರುಚಿಯನ್ನೇ ಮರೆತನಂತೆ. ಅಷ್ಟು ರಸಿಕನಾದರೂ ಇಂಪೊಂದೇ ಅವನಿಗೆ ಸಾಲದು. ಯುದ್ಧ ಗೆದ್ದ ಅರಸನ ವೂ ಸಂಗೀತ ಚೆಲುವಾಗಿದೆ, ಪೂರ್ತಿ ಒಳ್ಳೆಯದಲ್ಲ ಎಂದ. ಝೆಂಗ್ ನಾಡಿನ ಹಾಡುಗಳನ್ನಂತೂ ದೂರವಿಡಿ ಎಂದ. ನಾದ ಕೆಟ್ಟರೆ ನಡತೆ, ನಡತೆ ಕೆಟ್ಟರೆ ರಾಜ್ಯ ಎಂಬ ಲೆಕ್ಕ. ಮುಂದೆ ಹಾನ್ ಕಾಲದ ವಿದ್ವಾಂಸರು ಮೂಲಸ್ವರದ ಕೊಳವೆಯನ್ನು ಬರಗಿನ ಕಾಳಿನಿಂದ ಅಳೆದರು: ಉದ್ದಕ್ಕೆ 90 ಕಾಳು, ಒಳಗೆ 1,200 ಕಾಳು. ಗಜ, ಕೊಳಗ, ತೂಕ ಎಲ್ಲಕ್ಕೂ ಅದೇ ಆಧಾರ. ಸ್ವರ ತಪ್ಪಿದರೆ ಸಂತೆಯ ಅಳತೆಯೂ ತಪ್ಪೀತು! ಹೊಸ ರಾಜವಂಶಗಳು ಸ್ವರವನ್ನು ಹೊಸದಾಗಿ ನಿಗದಿ ಮಾಡಿದ್ದು ಸುಮ್ಮನೆ ಅಲ್ಲ.

ನಮ್ಮ ಇಬ್ರಾಹಿಮನೂ ಸಂಗೀತವನ್ನು ರಾಜ್ಯದ ಕೆಲಸವೆಂದೇ ನಂಬಿದ. ದಖನಿಯಲ್ಲಿ ಅವನು ರಚಿಸಿದ ‘ಕಿತಾಬ್-ಎ-ನೌರಸ್’ನಲ್ಲಿ (ನೌರಸ್ ಎಂದರೆ ಒಂಬತ್ತು ರಸ) ಸರಸ್ವತಿ, ಪೈಗಂಬರ್, ಕಲಬುರಗಿಯ ಸೂಫಿ ಸಂತ ಬಂದೇನವಾಜ್ ಮೂವರಿಗೂ ಸ್ತುತಿಯಿದೆ. ಅವನ ತಂಬೂರಿಗೆ ಮೋತಿಖಾನ್ ಎಂಬ ಹೆಸರೂ ಇತ್ತು. 1599ರಲ್ಲಿ ಬಿಜಾಪುರದ ಪಕ್ಕ ನೌರಸಪುರ ಕಟ್ಟತೊಡಗಿದ. ತೊರವಿಯ ಸಂಗೀತ ಮಹಲ್ ಅದರ ಉಳಿಕೆ. ಆದರೆ ಕನ್ಫ್ಯೂಷಿಯಸ್ ಮೆಚ್ಚುತ್ತಿದ್ದನೇ? ಅನುಮಾನ. ಅವನಿಗೆ ಬೇಕಿದ್ದದ್ದು ಮಿತಿ. ಇಬ್ರಾಹಿಮನದು ಒಂಬತ್ತೂ ರಸಗಳು, ಶೃಂಗಾರವೂ ಸೇರಿ. ನನ್ನ ಒಲವು ಇಬ್ರಾಹಿಮನ ಕಡೆಗೇ.

ಚೀನಾದಲ್ಲೇ ಮೋಝಿ ಎಂಬವನು ಅರಮನೆಯ ಗಂಟೆ, ನಗಾರಿಗಳಿಗೆ ಹಣ ಕೊಡುವವರು ಬಡವರಲ್ಲವೇ ಎಂದು ಕೇಳಿದ್ದ. ಮನುಷ್ಯ ಸಂತೋಷವಿಲ್ಲದೆ ಬದುಕಲಾರ, ಅದಕ್ಕೊಂದು ಹದ ಕೊಡಲೇಬೇಕು ಎಂಬುದು ಕನ್ಫ್ಯೂಷಿಯಸ್ ಪಂಥದ ಶುನ್‌ಝಿಯ ಉತ್ತರ. ನೌರಸಪುರಕ್ಕೆ ಇಂಥ ವಾದ ಬೇಕಾಗಲೇ ಇಲ್ಲ. 1624ರಲ್ಲಿ ಅಹ್ಮದನಗರದ ಮಲಿಕ್ ಅಂಬರ್‌ನ ಸೈನ್ಯ ಅದನ್ನು ಸೂರೆ ಮಾಡಿತು.

ಕನ್ಫ್ಯೂಷಿಯಸ್ ಪಂಥದ ಸಂಗೀತ ಗ್ರಂಥ ಕಳೆದುಹೋಯಿತೆಂದು ಚೀನೀಯರು ನಂಬುತ್ತಾರೆ. ಇಬ್ರಾಹಿಮನ ಪುಸ್ತಕ ಉಳಿದಿದೆ, ಹಾಡುಗಳ ಮೇಲೆ ರಾಗಗಳ ಹೆಸರೂ ಇವೆ. ಸ್ವರಲಿಪಿ ಮಾತ್ರ ಇಲ್ಲ.